ಮದರ್‌ಬೋರ್ಡ್ ಹಳೆಯದೇ ಇರಲಿ: 30 ಸಾವಿರದೊಳಗೆ ಒಂದು ಗೇಮಿಂಗ್ ಪಿಸಿ

"ಇದು 2019ರ ಸಿಸ್ಟಂ ಸರ್. ಇದಕ್ಕೆ ದುಡ್ಡು ಸುರಿಯೋದು ವೇಸ್ಟು. ಬೋರ್ಡು, ಪ್ರೊಸೆಸರ್, ರ‍್ಯಾಮ್ ಮೂರನ್ನೂ ಕಾಂಬೋದಲ್ಲಿ ತಗೊಂಬಿಡಿ. ಮೇಲೊಂದು ಗ್ರಾಫಿಕ್ಸ್ ಕಾರ್ಡ್ ಹಾಕಿದ್ರೆ ಅರವತ್ತು ಸಾವಿರದಲ್ಲಿ ಮುಗಿಯುತ್ತೆ."

ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ಸಿಕ್ಕ ಸಲಹೆ ಇದು. ನಮ್ಮ ಹತ್ತಿರ ಇದ್ದದ್ದು 30 ಸಾವಿರ ರೂಪಾಯಿ. ಅರ್ಧ ನನ್ನದು, ಇನ್ನರ್ಧ ಅಕ್ಕನ ಮಗ ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಸಿಕ್ಕಿದ್ದನ್ನೆಲ್ಲ ಕೂಡಿಟ್ಟದ್ದು. ಅವನು ತುಮಕೂರಿನಲ್ಲಿ ನಮ್ಮ ಮನೆಯಲ್ಲೇ ಇದ್ದು ಡಿಪ್ಲೊಮಾ ಓದುತ್ತಿದ್ದಾನೆ. ಓದಿಗೂ ಆಟಕ್ಕೂ ಇರುವುದು ಒಂದೇ ಡೆಸ್ಕ್‌ಟಾಪ್. ಅಂಗಡಿಯಿಂದ ಹೊರಗೆ ಬಂದ ಮೇಲೆ, "ಮಾಮ, ನಿಜವಾಗ್ಲೂ ನಮ್ದು ವೇಸ್ಟಾ?" ಅಂತ ಕೇಳಿದ. ನನಗೆ ಹಾಗೆ ಅನ್ನಿಸಿರಲಿಲ್ಲ. ಹಳೆಯದು ಅನ್ನುವ ಒಂದೇ ಕಾರಣಕ್ಕೆ ಕೆಟ್ಟದ್ದು ಅನ್ನಲಾಗದು. ಯಾವ ಭಾಗ ಯಾವುದನ್ನು ತಡೆಯುತ್ತಿದೆ ಅಂತ ನೋಡದೆ ಎಲ್ಲವನ್ನೂ ಬದಲಾಯಿಸಿ ಅನ್ನುವ ಸಲಹೆ ನಮ್ಮಂಥವರ ಜೇಬಿಗೆ ಆಗುವಂಥದ್ದಲ್ಲ.

ಸಿಸ್ಟಂನಲ್ಲಿ ಇದ್ದದ್ದು ಇಷ್ಟು. ಎಎಂಡಿ ರೈಜನ್ 3 2200ಜಿ ಪ್ರೊಸೆಸರ್, ಬಿ450 ಚಿಪ್‌ಸೆಟ್‌ನ ಚಿಕ್ಕ ಬೋರ್ಡ್, 2400 ವೇಗದ 8 ಜಿಬಿ ಡಿಡಿಆರ್4 ರ‍್ಯಾಮ್ ಒಂದೇ ಕಡ್ಡಿ, 1 ಟಿಬಿ ಹಾರ್ಡ್ ಡಿಸ್ಕ್, ಕ್ಯಾಬಿನೆಟ್ ಜೊತೆಗೇ ಬಂದ, ಎಲ್ಲ ಭಾಗಗಳಿಗೂ ಕರೆಂಟ್ ಹಂಚುವ ಎಸ್‌ಎಂಪಿಎಸ್, 60 ಹರ್ಟ್ಸ್‌ನ ಫುಲ್ ಎಚ್‌ಡಿ ಮಾನಿಟರ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. 2200ಜಿ ಒಳಗೇ ಇರುವ ವೆಗಾ 8 ಗ್ರಾಫಿಕ್ಸ್ ಮೇಲೆ ಎಲ್ಲ ನಡೆಯುತ್ತಿತ್ತು. ಜಿಟಿಎ 5 ಫುಲ್ ಎಚ್‌ಡಿಯಲ್ಲಿ ಸೆಕೆಂಡಿಗೆ 30 ಫ್ರೇಮ್ (ಚಿತ್ರ) ಮುಟ್ಟಿದರೆ ಹೆಚ್ಚು, ಅದೂ ತಡವರಿಸಿಕೊಂಡು. ಕೌಂಟರ್ ಸ್ಟ್ರೈಕ್ 2ರಲ್ಲಿ ಎದುರಾಳಿ ಕಾಣಿಸುವ ಹೊತ್ತಿಗೆ ಪರದೆ ಜಗ್ಗುತ್ತಿತ್ತು.

ಏನು ಕೊಳ್ಳುವುದಕ್ಕೂ ಮೊದಲು ಅಳತೆ ಮಾಡಿ ನೋಡಿದೆವು. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಯಾವ ಕಂಪನಿಯ ಕಾರ್ಡ್ ಇದ್ದರೂ ನಡೆಯುತ್ತದೆ. ಅದರ ಜೊತೆ ಬರುವ ರಿವಾಟ್ಯೂನರ್ ಹಾಕಿಕೊಂಡರೆ ಆಟದ ಮೂಲೆಯಲ್ಲೇ ಪ್ರೊಸೆಸರ್ ಎಷ್ಟು ದುಡಿಯುತ್ತಿದೆ, ಗ್ರಾಫಿಕ್ಸ್ ಎಷ್ಟು, ಮೆಮೊರಿ ಎಷ್ಟು ತುಂಬಿದೆ, ಶಾಖ ಎಷ್ಟು ಅಂತ ಕಾಣಿಸುತ್ತದೆ. ಓದುವ ರೀತಿ ಸುಲಭ. ಗ್ರಾಫಿಕ್ಸ್ 97-99 ಶೇಕಡಾ ಇದ್ದರೆ ಅದೇ ತಡೆ. ಗ್ರಾಫಿಕ್ಸ್ 50ರಲ್ಲಿ ನಿಂತು ಪ್ರೊಸೆಸರ್ 100 ತೋರಿಸಿದರೆ ತಡೆ ಪ್ರೊಸೆಸರ್‌ನದು. ರ‍್ಯಾಮ್ ತುಂಬಿ ಹಾರ್ಡ್ ಡಿಸ್ಕ್ ಕರಕರ ಅನ್ನುತ್ತಿದ್ದರೆ ಅದು ಇನ್ನೊಂದು ರೋಗ. ನಮ್ಮಲ್ಲಿ ಗ್ರಾಫಿಕ್ಸೂ ಪೂರ್ತಿ, ರ‍್ಯಾಮೂ ಪೂರ್ತಿ. ಪ್ರೊಸೆಸರ್ ಎಷ್ಟು ಅಡ್ಡಿ ಅನ್ನುವುದು ಇನ್ನೂ ಗೊತ್ತಾಗುವಂತಿರಲಿಲ್ಲ.

ಬೋರ್ಡ್ ಬದಲಾಯಿಸಬೇಡ ಅಂತ ನಾನು ಗಟ್ಟಿಯಾಗಿ ಹೇಳಲು ಕಾರಣ ಇತ್ತು. ಇದರಲ್ಲಿ ಪ್ರೊಸೆಸರ್ ಕೂರುವ ಸಾಕೆಟ್ ಎಎಂ4. 2020ರ ಮೇ ತಿಂಗಳಲ್ಲಿ ಎಎಂಡಿ ಮೊದಲು, ಮುಂದೆ ಬರುವ ಝೆನ್ 3 ಅನ್ನುವ ಹೊಸ ವಿನ್ಯಾಸದ ಪ್ರೊಸೆಸರ್‌ಗಳು 500 ಸರಣಿಯ ಬೋರ್ಡ್‌ಗಳಲ್ಲಿ ಮಾತ್ರ ನಡೆಯುತ್ತವೆ ಅಂದಿತ್ತು. ಬಿ450 ಕೊಂಡವರು ದೊಡ್ಡ ಗಲಾಟೆ ಎಬ್ಬಿಸಿದರು. ಅದೇ ತಿಂಗಳಲ್ಲಿ ಕಂಪನಿ ಮಾತು ಬದಲಿಸಿ, ಬಿ450 ಮತ್ತು ಎಕ್ಸ್470 ಬೋರ್ಡ್‌ಗಳಿಗೂ ದಾರಿ ಮಾಡಿಕೊಟ್ಟಿತು. ಆ ಬಳಕೆದಾರರು ಸುಮ್ನೆ ಕೂತಿದ್ದರೆ ನಮ್ಮ 30 ಸಾವಿರಕ್ಕೆ ಅರ್ಥವೇ ಇರುತ್ತಿರಲಿಲ್ಲ. ಬೋರ್ಡ್ ತಯಾರಿಸಿದ ಕಂಪನಿಯ ಜಾಲತಾಣದಲ್ಲಿ ನಮ್ಮ ಮಾದರಿಯ ಹೆಸರು ಹಾಕಿ ಪ್ರೊಸೆಸರ್ ಪಟ್ಟಿ ತೆಗೆದೆವು. ಆ ಝೆನ್ 3 ಸಾಲಿನಲ್ಲಿ 2022ರಲ್ಲಿ ಬಂದ ರೈಜನ್ 5 5600 ಅದರಲ್ಲಿತ್ತು, ಯಾವ ಬಯಾಸ್ (ಬೋರ್ಡ್ ಒಳಗಿನ ಮೂಲ ಸಾಫ್ಟ್‌ವೇರ್) ಆವೃತ್ತಿ ಬೇಕು ಅನ್ನುವುದೂ ಪಕ್ಕದಲ್ಲಿತ್ತು. "ನೋಡೋ, ಇಲ್ಲೇ ಬರೆದಿದ್ದಾರಲ್ಲ" ಅಂತ ತೋರಿಸಿದೆ. ಅವನ ಮುಖ ಆಗ ಅರಳಿತು.

ಮೊದಲ ಖರ್ಚು ರ‍್ಯಾಮ್. 2025ರ ಬೇಸಿಗೆ ಕಳೆದ ಹೊತ್ತಿಗೆ 3200 ವೇಗದ 8+8 ಜೋಡಿ 3,300ಕ್ಕೆ ಸಿಕ್ಕಿತು. ಹಳೆಯ ಕಡ್ಡಿಗೆ ಇನ್ನೊಂದನ್ನು ಸೇರಿಸಬಹುದಿತ್ತು. ಆದರೆ ಎರಡೂ ನಿಧಾನದ ಕಡ್ಡಿಯ ವೇಗಕ್ಕೇ ಇಳಿಯುತ್ತವೆ. ಒಂದೇ ಕಡ್ಡಿಯಲ್ಲಿ ಓಡಿಸುವುದು ಎರಡು ನಲ್ಲಿ ಇರುವ ಟ್ಯಾಂಕಿನಲ್ಲಿ ಒಂದನ್ನು ಮಾತ್ರ ತೆರೆದ ಹಾಗೆ. 2400ರ ಒಂದು ಕಡ್ಡಿ ಸೆಕೆಂಡಿಗೆ 19.2 ಜಿಬಿ ಸಾಗಿಸಬಲ್ಲದು. 3200ರ ಜೋಡಿ 51.2 ಜಿಬಿ. 2200ಜಿ ಅಧಿಕೃತವಾಗಿ 2933ರ ತನಕ ಮಾತ್ರ ಒಪ್ಪುತ್ತದೆ, ಆದ್ದರಿಂದ ಆಗ ಅಷ್ಟಕ್ಕೇ ನಿಲ್ಲಿಸಿದೆವು. ಒಳಗಿನ ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇಲ್ಲ, ರ‍್ಯಾಮ್‌ನಿಂದಲೇ ತೆಗೆದುಕೊಳ್ಳುತ್ತದೆ. ಹಾಗಾಗಿ ಜೋಡಿ ಹಾಕಿದ ತಕ್ಷಣ ಜಿಟಿಎ 5 ಅದೇ ಸೆಟ್ಟಿಂಗ್‌ನಲ್ಲಿ 45ರ ಆಸುಪಾಸಿಗೆ ಬಂತು. ಕಾರ್ಡ್ ಕೊಳ್ಳದೆ, ಬೇರೇನೂ ಮಾಡದೆ! ಗ್ರಾಫಿಕ್ಸ್ ಕಾರ್ಡ್ ಇಲ್ಲದ ರೈಜನ್ ಸಿಸ್ಟಂ ಇರುವ ಯಾರಿಗಾದರೂ ಮೊದಲು ಹೇಳಬೇಕಾದ ಮಾತು ಇದು. ಎರಡು ಕಡ್ಡಿಗಳನ್ನು ಬೋರ್ಡಿನ ಪುಸ್ತಕದಲ್ಲಿ ಹೇಳಿದ ಸ್ಲಾಟ್‌ಗಳಿಗೇ ಹಾಕಬೇಕು. ಆಮೇಲೆ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಬೇಕು. ಇಲ್ಲದಿದ್ದರೆ 3200 ಅಂತ ಬರೆದಿರುವ ರ‍್ಯಾಮ್ ಕಡಿಮೆ ವೇಗದಲ್ಲೇ ವರ್ಷಗಟ್ಟಲೆ ಓಡುತ್ತಿರುತ್ತದೆ.

ಈಗ ಎಸ್‌ಎಂಪಿಎಸ್. ಯಾರಿಗೂ ಇದಕ್ಕೆ ದುಡ್ಡು ಹಾಕಲು ಮನಸ್ಸು ಬರುವುದಿಲ್ಲ, ಯಾಕೆಂದರೆ ಇದರಿಂದ ಒಂದು ಫ್ರೇಮೂ ಹೆಚ್ಚಾಗುವುದಿಲ್ಲ. ಅಕ್ಕನ ಮಗನೂ, "ಮಾಮ, ಅದು 450 ವ್ಯಾಟ್ ಅಂತಿದೆಯಲ್ಲ, ಸಾಲಲ್ವಾ?" ಅಂದ. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಅದರ ಮೇಲಿನ ಚೀಟಿ ಓದಿಸಿದೆ. ದೊಡ್ಡ ಅಕ್ಷರದಲ್ಲಿ 450. ಕೆಳಗಿನ ಪಟ್ಟಿಯಲ್ಲಿ 12 ವೋಲ್ಟ್ ಅನ್ನುವ ಕಡೆ 14 ಆಂಪಿಯರ್. ಹನ್ನೆರಡನ್ನು ಹದಿನಾಲ್ಕರಿಂದ ಗುಣಿಸಿದರೆ 168 ವ್ಯಾಟ್. ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಮುಖ್ಯವಾಗಿ ಈ 12 ವೋಲ್ಟ್ ದಾರಿಯಿಂದಲೇ ಕರೆಂಟ್ ಎಳೆಯುತ್ತವೆ. ನಾವು ಹಾಕಬೇಕೆಂದಿದ್ದ ಕಾರ್ಡಿಗೆ 132 ವ್ಯಾಟ್ ಬೇಕು. 5600 ಪ್ರೊಸೆಸರ್ ಜೋರಾಗಿ ದುಡಿಯುವಾಗ 65 ವ್ಯಾಟ್‌ಗಿಂತಲೂ ಹೆಚ್ಚು ಎಳೆಯುತ್ತದೆ. ಕೂಡಿಸಿದರೆ 197 ದಾಟುತ್ತದೆ. ಲೆಕ್ಕ ಅಲ್ಲೇ ಮುಗಿಯಿತು. ಕಾರ್ಡಿಗೆ ಬೇಕಾದ 8 ಪಿನ್ ವೈರ್ ಕೂಡ ಅದರಲ್ಲಿ ಇರಲಿಲ್ಲ. ಹಾರ್ಡ್ ಡಿಸ್ಕಿನ ವೈರಿನಿಂದ 8 ಪಿನ್ ಮಾಡಿಕೊಡುವ ಜೋಡಣೆ ನೂರು ರೂಪಾಯಿಗೆ ಸಿಗುತ್ತದೆ. ದಯವಿಟ್ಟು ಅದನ್ನು ಹಾಕಬೇಡಿ. ಆ ತೆಳು ವೈರು ಅಷ್ಟು ಭಾರ ಹೊರಲು ಮಾಡಿದ್ದಲ್ಲ, ಬಿಸಿಯಾಗಿ ಕರಗಬಹುದು. ಕರೆಂಟ್ ಕಡಿಮೆ ಪೋಲು ಮಾಡುತ್ತದೆ ಅನ್ನುವ 80 ಪ್ಲಸ್ ಬ್ರಾಂಜ್ ಗುರುತಿನ, ಐದು ವರ್ಷ ವಾರಂಟಿ ಇರುವ 550 ವ್ಯಾಟ್‌ನದು 4,100ಕ್ಕೆ ಬಿಲ್ ಸಮೇತ ತಂದೆವು. ಕರೆಂಟ್ ಹೋಗಿ ಬರುವ, ವೋಲ್ಟೇಜ್ ಏರಿಳಿಯುವ ಊರುಗಳಲ್ಲಿ ಈ ಖರ್ಚು ಉಳಿದೆಲ್ಲ ಖರ್ಚನ್ನು ಕಾಯುತ್ತದೆ.

ಎಸ್.ಪಿ. ರೋಡಿಗೆ ಹೊಸದಾಗಿ ಹೋಗುವವರಿಗೆ ಒಂದೆರಡು ಮಾತು. ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ. ತುಮಕೂರಿನಿಂದ ರೈಲಿನಲ್ಲಿ ಇಳಿದು ಮೆಜೆಸ್ಟಿಕ್‌ನಲ್ಲಿ ಮೆಟ್ರೊದ ಹಸಿರು ಮಾರ್ಗ ಹತ್ತಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ, ಅಲ್ಲಿಂದ ನಡೆದೇ ಹೋಗಬಹುದು. ಭಾನುವಾರ ಬೇಡ, ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ಹೊರಡುವ ಮೊದಲು ಆನ್‌ಲೈನ್ ಬೆಲೆ ಬರೆದುಕೊಂಡು ಹೋಗಿ. ಹೇಳುವ ಬೆಲೆಯಲ್ಲಿ ಜಿಎಸ್‌ಟಿ ಸೇರಿದೆಯೋ ಇಲ್ಲವೋ ಮೊದಲೇ ಕೇಳಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ನಾಳೆ ವಾರಂಟಿಗೆ ಹೋದಾಗ ಅದೇ ಆಧಾರ.

ಗ್ರಾಫಿಕ್ಸ್ ಕಾರ್ಡ್ ಆರಿಸುವುದೇ ಎಲ್ಲಕ್ಕಿಂತ ದೊಡ್ಡ ಕೆಲಸವಾಯಿತು. ದುಡ್ಡಿನ ಸಿಂಹಪಾಲು ಇದಕ್ಕೇ ಹೋಗುವುದರಿಂದ ನಿಧಾನ ಮಾಡಿದೆವು. ಅಂಗಡಿಗಳಲ್ಲಿ ತೋರಿಸಿದ್ದು ಹೆಚ್ಚಾಗಿ ಮೂರು. ಜಿಟಿಎಕ್ಸ್ 1650 ಒಳ್ಳೆಯದೇ, 75 ವ್ಯಾಟ್ ಸಾಕು, ಬೇರೆ ವೈರು ಬೇಡ. ಆದರೆ 2019ರ ಕಾರ್ಡ್, ಮೆಮೊರಿ 4 ಜಿಬಿ ಮಾತ್ರ. ಇವತ್ತಿನ ಆಟಗಳಿಗೆ ಅದು ಬೇಗ ತುಂಬಿಹೋಗುತ್ತದೆ. ಎರಡನೆಯದು ಆರ್‌ಎಕ್ಸ್ 6500 ಎಕ್ಸ್‌ಟಿ. ಇದು ಬೋರ್ಡಿನ ಜೊತೆ ಮಾತಾಡುವುದು ಮಾಹಿತಿ ಓಡಾಡುವ ನಾಲ್ಕೇ ಪಿಸಿಐ ಎಕ್ಸ್‌ಪ್ರೆಸ್ ಲೇನ್‌ಗಳಲ್ಲಿ. ಹೊಸ ಬೋರ್ಡಿನ ಪಿಸಿಐ 4.0ದಲ್ಲಿ ಅದು ಹೇಗೋ ನಡೆಯುತ್ತದೆ. ನಮ್ಮ ಬಿ450ರಲ್ಲಿ ಇರುವುದು 3.0. ಅಲ್ಲಿ ನಾಲ್ಕು ಲೇನ್ ಅಂದರೆ ಸೆಕೆಂಡಿಗೆ 4 ಜಿಬಿ ಅಷ್ಟೇ. 4 ಜಿಬಿ ಮೆಮೊರಿ ತುಂಬಿದ ಮೇಲೆ ಈ ಕಿರಿದಾದ ದಾರಿಯಲ್ಲಿ ಆಟ ಜಗ್ಗುತ್ತದೆ. ಹಳೆ ಬೋರ್ಡ್ ಇರುವವರಿಗೆ ಈ ಕಾರ್ಡ್ ಮಾರುವಾಗ ಅಂಗಡಿಯವರು ಇದನ್ನು ಹೇಳಬೇಕು. ನಮಗೆ ಯಾರೂ ಹೇಳಲಿಲ್ಲ. ಮೂರನೆಯದು 8 ಜಿಬಿಯ ಆರ್‌ಎಕ್ಸ್ 580, ಬಹಳ ಅಗ್ಗ. ಅಗ್ಗಕ್ಕೆ ಕಾರಣ ಇದೆ. ಅವುಗಳಲ್ಲಿ ಅನೇಕ 2048ಎಸ್‌ಪಿ ಅನ್ನುವ ಜಾತಿಯವು, ಒಳಗಿನ ಶಕ್ತಿ ಅದಕ್ಕಿಂತ ಕೆಳಗಿನ ಆರ್‌ಎಕ್ಸ್ 570ರದು. ನಿಜವಾದ 580 ಸಿಕ್ಕರೂ 185 ವ್ಯಾಟ್ ತಿನ್ನುತ್ತದೆ, ಅಷ್ಟೂ ಶಾಖವಾಗಿ ಚಿಕ್ಕ ಕೋಣೆಗೆ ಬರುತ್ತದೆ.

ಕೊನೆಗೆ ನಿಂತದ್ದು ಆರ್‌ಎಕ್ಸ್ 6600ರ ಮೇಲೆ. 2021ರ ಅಕ್ಟೋಬರ್‌ನಲ್ಲಿ ಬಂದ ಕಾರ್ಡ್. 8 ಜಿಬಿ, ಎಂಟು ಲೇನ್, 132 ವ್ಯಾಟ್, 8 ಪಿನ್ ವೈರು ಒಂದೇ. ಪಿಸಿಐ 3.0ದಲ್ಲಿ ಎಂಟು ಲೇನ್ ಅಂದರೆ ಸುಮಾರು 8 ಜಿಬಿ ದಾರಿ, ಫುಲ್ ಎಚ್‌ಡಿ ಆಟಕ್ಕೆ ಸಾಕು. ಹೊಸದು ನಮ್ಮ ಕೈಗೆ ಎಟುಕುತ್ತಿರಲಿಲ್ಲ. ಬಳಸಿದ್ದನ್ನು ಹುಡುಕಿದೆವು.

ಬಳಸಿದ ಕಾರ್ಡ್ ಅಂದರೆ ಎಲ್ಲರಿಗೂ ಮೈನಿಂಗ್ ಭಯ, ಅಂದರೆ ಕ್ರಿಪ್ಟೊ ಹಣ ಗಳಿಸಲು ಕಾರ್ಡನ್ನು ಬಿಡದೆ ದುಡಿಸಿರುವ ಭಯ. ಈಥೀರಿಯಂ ಅನ್ನುವ ಕ್ರಿಪ್ಟೊದ ಮೈನಿಂಗ್ 2022ರ ಸೆಪ್ಟೆಂಬರ್ 15ಕ್ಕೆ ನಿಂತುಹೋಯಿತು. ಅದಕ್ಕೂ ಮೊದಲು ಕೊಂಡ ಕಾರ್ಡ್‌ಗಳು ಹಗಲು ರಾತ್ರಿ ದುಡಿದಿರುವ ಸಾಧ್ಯತೆ ಜಾಸ್ತಿ. ಅದಕ್ಕೇ ಬಿಲ್ಲಿನ ದಿನಾಂಕ ಮುಖ್ಯ. ನಾವು ಓಎಲ್‌ಎಕ್ಸ್‌ನಲ್ಲಿ ಬಿಲ್ ಇರುವವರನ್ನು ಮಾತ್ರ ವಿಚಾರಿಸಿದೆವು. ವಿಜಯನಗರದ ಒಬ್ಬ ಹುಡುಗ 2023ರ ಬಿಲ್ಲಿನ ಫೋಟೊ ಕಳಿಸಿ, "ಬನ್ನಿ ಸರ್, ಮನೇಲೇ ಓಡಿಸಿ ತೋರಿಸ್ತೀನಿ. ಇಷ್ಟ ಆದ್ರೆ ತಗೊಳ್ಳಿ" ಅಂದ. ಓಡಿಸಿ ತೋರಿಸಲು ಒಪ್ಪದವರ ಹತ್ತಿರ ಕೊಳ್ಳಲೇಬಾರದು ಅಂತ ನನ್ನ ಅಭಿಪ್ರಾಯ.

ಅವನ ಮನೆಯಲ್ಲಿ ಮೊದಲು ಕಾರ್ಡನ್ನು ಕೈಯಲ್ಲಿ ಹಿಡಿದು ನೋಡಿದೆವು. ಸ್ಕ್ರೂ ತಲೆಗಳು ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ ಅಂತ ಅರ್ಥ. ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಮೆಲ್ಲಗೆ ಅಲ್ಲಾಡಿಸಿದರೆ ಸಡಿಲವಾಗಿ ಓಲಾಡಬಾರದು. ಪಿನ್‌ಗಳ ಹತ್ತಿರ ಸುಟ್ಟ ಕಲೆ, ಪಕ್ಕದಲ್ಲಿ ಎಣ್ಣೆ ಜಿನುಗಿದ ಗುರುತು ಇರಬಾರದು. ಆಮೇಲೆ ಸಿಸ್ಟಂಗೆ ಹಾಕಿ, ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತೆರೆದೆವು. 6600 ಆದರೆ ಲೆಕ್ಕ ಮಾಡುವ ಘಟಕಗಳಾದ ಶೇಡರ್‌ಗಳ ಸಂಖ್ಯೆ 1792 ತೋರಿಸಬೇಕು. ಹಳೆಯ ಚಿಪ್‌ಗೆ ಹೊಸ ಹೆಸರು ಹಚ್ಚಿ ಮಾರಿರುವ ನಕಲಿ ಎನ್‌ವಿಡಿಯಾ ಕಾರ್ಡ್ ಸಿಕ್ಕರೆ ಜಿಪಿಯು-ಝಡ್ ಹೆಸರಿನ ಮುಂದೆ ಫೇಕ್ ಅಂತಲೇ ತೋರಿಸುತ್ತದೆ. ಫರ್‌ಮಾರ್ಕ್ ಹಾಕಿ, ಕಾರ್ಡನ್ನು ಪೂರ್ತಿ ದುಡಿಸುತ್ತ, ಕಾಫಿ ಕುಡಿದು ಮುಗಿಸುವ ತನಕ ಬಿಟ್ಟೆವು. ಪರದೆಯಲ್ಲಿ ಚುಕ್ಕೆ, ಗೆರೆ ಬರಲಿಲ್ಲ. ಶಾಖ 68 ಡಿಗ್ರಿಯಲ್ಲಿ ನಿಂತಿತು, ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿ ಜಾಗ) 82. ಇವೆರಡರ ನಡುವೆ ಅಂತರ ತೀರಾ ಹೆಚ್ಚಿದ್ದರೆ ಚಿಪ್‌ನ ಶಾಖ ಸಾಗಿಸುವ ಪೇಸ್ಟ್ ಒಣಗಿರಬಹುದು. 13,500 ಹೇಳಿದ್ದ, 12,000ಕ್ಕೆ ಕೊಟ್ಟ. ಡಬ್ಬಿ, ಬಿಲ್ ಎರಡೂ ಸಿಕ್ಕವು.

ಕಾರ್ಡನ್ನು ಹಳೆಯ 2200ಜಿ ಜೊತೆಗೇ ಕೂರಿಸಿದೆವು. ಇದನ್ನು ಬೇಕೆಂದೇ ಮಾಡಿದ್ದು. ಪ್ರೊಸೆಸರ್ ನಿಜವಾಗಿ ಅಡ್ಡಿಯಾಗಿದೆಯೋ ಇಲ್ಲವೋ ಈಗ ತಿಳಿಯಬೇಕಿತ್ತು. ಜಿಟಿಎ 5 ಹೈ ಸೆಟ್ಟಿಂಗ್‌ನಲ್ಲಿ 60 ದಾಟಿತು, ನೋಡಲು ಚೆನ್ನಾಗಿತ್ತು. ಆದರೆ ಕೌಂಟರ್ ಸ್ಟ್ರೈಕ್ 2ರಲ್ಲಿ ಸರಾಸರಿ 90 ಇದ್ದದ್ದು ಹೊಗೆ ಬಾಂಬ್ ಬಿದ್ದ ಕೂಡಲೇ 40ಕ್ಕೆ ಬೀಳುತ್ತಿತ್ತು. ಮೂಲೆಯ ಅಂಕಿ ನೋಡಿದರೆ ಪ್ರೊಸೆಸರ್ 100, ಕಾರ್ಡ್ 45. ಹನ್ನೆರಡು ಸಾವಿರದ ಕಾರ್ಡ್ ಅರ್ಧ ಹೊತ್ತು ಕೈಕಟ್ಟಿ ಕೂತಿತ್ತು. ನಾಲ್ಕು ಕೋರ್, ನಾಲ್ಕು ಥ್ರೆಡ್, 4 ಎಂಬಿ ಎಲ್3 ಕ್ಯಾಶ್ ಇರುವ ಪ್ರೊಸೆಸರ್ ಅದು. 5600ರಲ್ಲಿ ಆರು ಕೋರ್, ಹನ್ನೆರಡು ಥ್ರೆಡ್, ಕ್ಯಾಶ್ 32 ಎಂಬಿ. ಆಟಕ್ಕೆ ಪದೇಪದೇ ಬೇಕಾದ ಮಾಹಿತಿ ಪ್ರೊಸೆಸರ್ ಪಕ್ಕದಲ್ಲೇ ಇದ್ದರೆ ಪ್ರತಿ ಸಲ ರ‍್ಯಾಮ್ ತನಕ ಹೋಗಬೇಕಿಲ್ಲ. ಫ್ರೇಮ್ ದಿಢೀರ್ ಬೀಳುವುದು ನಿಲ್ಲುವುದು ಹೆಚ್ಚಾಗಿ ಇದರಿಂದಲೇ. 9,200ಕ್ಕೆ ಹೊಸದೇ ತೆಗೆದುಕೊಂಡೆವು. ಫ್ಯಾನ್ ಡಬ್ಬಿಯಲ್ಲೇ ಬರುತ್ತದೆ, ಪೇಸ್ಟ್ ಅದಕ್ಕೆ ಮೊದಲೇ ಹಚ್ಚಿರುತ್ತಾರೆ.

ಪ್ರೊಸೆಸರ್ ಬದಲಿಸುವ ಮೊದಲು, ಹಳೆಯದು ಇನ್ನೂ ಕೂತಿರುವಾಗಲೇ, ಬಯಾಸ್ ಅಪ್‌ಡೇಟ್ ಮಾಡಬೇಕು. ಹೊಸದನ್ನು ಹಾಕಿದ ಮೇಲೆ ಹಳೆ ಬಯಾಸ್‌ಗೆ ಅದು ಗೊತ್ತೇ ಆಗುವುದಿಲ್ಲ, ಪರದೆ ಬರುವುದಿಲ್ಲ. ಫ್ಯಾಟ್32 ಮಾಡಿದ ಪೆನ್‌ಡ್ರೈವ್‌ಗೆ ಫೈಲ್ ಹಾಕಿ, ಬಯಾಸ್ ಒಳಗಿನಿಂದಲೇ ಅಪ್‌ಡೇಟ್ ಕೊಟ್ಟೆವು. ಮಧ್ಯದಲ್ಲಿ ಕರೆಂಟ್ ಹೋದರೆ ಬೋರ್ಡ್ ಕೆಡಬಹುದು. ಯುಪಿಎಸ್ ಚಾರ್ಜ್ ಪೂರ್ತಿ ಇದೆ ಅಂತ ನೋಡಿಕೊಂಡೇ ಕೈ ಹಾಕಿದ್ದು. ಪರದೆಯಲ್ಲಿ ಅಪ್‌ಡೇಟ್‌ನ ಪಟ್ಟಿ ನೂರು ಮುಟ್ಟುವ ತನಕ ಇಬ್ಬರೂ ಮಾತಾಡಲಿಲ್ಲ.

ಎಎಂ4 ಪ್ರೊಸೆಸರ್‌ನಲ್ಲಿ ಪಿನ್‌ಗಳು ಪ್ರೊಸೆಸರ್ ಅಡಿಯಲ್ಲೇ ಇರುತ್ತವೆ. ವರ್ಷಗಟ್ಟಲೆ ಒಣಗಿದ ಪೇಸ್ಟ್ ಅಂಟಿನಂತೆ ಹಿಡಿದಿರುತ್ತದೆ. ಫ್ಯಾನನ್ನು ನೇರ ಮೇಲಕ್ಕೆ ಎಳೆದರೆ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತುಕೊಂಡು ಜೊತೆಗೇ ಬರಬಹುದು, ಪಿನ್ ಬಾಗಬಹುದು. ಅದಕ್ಕೆ ಮೊದಲು ಸ್ವಲ್ಪ ಹೊತ್ತು ಆಟ ಓಡಿಸಿ ಬಿಸಿ ಮಾಡಿಸಿದೆ. ಆಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ನಾಲ್ಕು ಸ್ಕ್ರೂಗಳನ್ನು ಎದುರು ಬದುರು ಮೂಲೆಯಂತೆ ಸಡಿಲಿಸಿ, ಫ್ಯಾನನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸುತ್ತ ಎತ್ತಿಸಿದೆ. ಸಲೀಸಾಗಿ ಬಂತು. ಚಿಲಕ ಎತ್ತಿ, ಮೂಲೆಯ ಚಿನ್ನದ ತ್ರಿಕೋನ ಹೊಂದಿಸಿ ಹೊಸದನ್ನು ಇಟ್ಟರೆ ತಾನಾಗಿ ಕೂರುತ್ತದೆ, ಒತ್ತುವ ಹಾಗೇ ಇಲ್ಲ. ಇದನ್ನೆಲ್ಲ ಅಕ್ಕನ ಮಗನ ಕೈಯಿಂದಲೇ ಮಾಡಿಸಿದೆ.

5600ರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. ಎಚ್‌ಡಿಎಂಐ ವೈರನ್ನು ಕಾರ್ಡಿಗೇ ಚುಚ್ಚಬೇಕು, ಬೋರ್ಡಿಗಲ್ಲ. ಮೊದಲ ಸಲ ಆನ್ ಮಾಡಿದಾಗ ರ‍್ಯಾಮ್ ಹೊಂದಿಸಿಕೊಳ್ಳಲು ಸಮಯ ಹಿಡಿಯುತ್ತದೆ, ಪರದೆ ಕಪ್ಪಾಗೇ ಇರುತ್ತದೆ. ಕಾಯಬೇಕು. ಆಮೇಲೆ ಎಫ್‌ಟಿಪಿಎಂ (ಪ್ರೊಸೆಸರ್‌ನ ಭದ್ರತಾ ಭಾಗ) ಬದಲಾಗಿದೆ, ವೈ ಒತ್ತಿ ಅಥವಾ ಎನ್ ಒತ್ತಿ ಅನ್ನುವ ಸಂದೇಶ ಬರುತ್ತದೆ. ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ಇದ್ದವರು ರಿಕವರಿ ಕೀ ಮೊದಲೇ ಬರೆದಿಟ್ಟುಕೊಂಡಿರಬೇಕು. ನಮ್ಮಲ್ಲಿ ಇರಲಿಲ್ಲ, ವೈ ಒತ್ತಿದೆವು. ಎಕ್ಸ್‌ಎಂಪಿ ಮತ್ತೆ ಆನ್ ಮಾಡಿದೆವು, ಈಗ ಪೂರ್ತಿ 3200.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. 2200ಜಿ ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ, 5600 ಇದೆ. 3,000ದ 500 ಜಿಬಿ ಎಂ.2 ಎಸ್‌ಎಸ್‌ಡಿ ಹಾಕಿ ವಿಂಡೋಸ್ 11 ಹೊಸದಾಗಿ ಇಳಿಸಿಕೊಂಡೆವು. ಬೋರ್ಡ್ ಅದೇ ಆದ್ದರಿಂದ ಲೈಸೆನ್ಸ್ ತಾನಾಗಿ ಬಂತು. ಸೆಕ್ಯೂರ್ ಬೂಟ್ ಕೂಡ ಆನ್ ಮಾಡಿದೆವು, ವಿಂಡೋಸ್ 11ರಲ್ಲಿ ವ್ಯಾಲೊರೆಂಟ್ ಆಡಲು ಅದು ಬೇಕೇ ಬೇಕು. ಹಾರ್ಡ್ ಡಿಸ್ಕ್ ಈಗ ಫೋಟೊ, ಸಿನಿಮಾಗಳಿಗೆ.

ಕೌಂಟರ್ ಸ್ಟ್ರೈಕ್ 2 ಈಗ ಸರಾಸರಿ 200 ದಾಟುತ್ತದೆ. ಹೊಗೆಯಲ್ಲೂ 100ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಫೋರ್ಜಾ ಹೊರೈಜನ್ 5 ಹೈನಲ್ಲಿ ಎಲ್ಲೂ ತಡವರಿಸುವುದಿಲ್ಲ. ಮಾನಿಟರ್ 60 ಹರ್ಟ್ಸ್‌ನದು, 60ಕ್ಕಿಂತ ಹೆಚ್ಚು ಫ್ರೇಮ್ ತೋರಿಸಲಾರದು. ಹಾಗಾಗಿ ಒಬ್ಬನೇ ಆಡುವ ಆಟಗಳನ್ನು 60ಕ್ಕೆ ಕಟ್ಟಿಹಾಕಿದ್ದೇವೆ. ಕಾರ್ಡ್ ತಣ್ಣಗಿರುತ್ತದೆ, ಫ್ಯಾನ್ ಸದ್ದೇ ಇಲ್ಲ. ಕ್ಯಾಬಿನೆಟ್ ಮುಂದೆ 700 ರೂಪಾಯಿಯ ಎರಡು ಫ್ಯಾನ್ ಹಾಕಿದ್ದು ಅದಕ್ಕೆ ನೆರವಾಯಿತು.

ಒಟ್ಟು ಖರ್ಚು 32,300. 2200ಜಿಯನ್ನು ಕಾರ್ಡ್ ಇಲ್ಲದ ಆಫೀಸ್ ಸಿಸ್ಟಂ ಮಾಡಿಸುತ್ತಿದ್ದ ಪರಿಚಯದವರು 2,500ಕ್ಕೆ ಕೊಂಡರು. ಕೈಯಿಂದ ಹೋದದ್ದು 29,800.

ಇವತ್ತು ಇದೇ ಕೆಲಸಕ್ಕೆ ಇಳಿಯುವವರು ರ‍್ಯಾಮ್ ವಿಷಯದಲ್ಲಿ ನಮ್ಮ ಲೆಕ್ಕ ಹಿಡಿಯಬೇಡಿ. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಮೆಮೊರಿ ಬೆಲೆ ಜಿಗಿಯಿತು, ಡಿಡಿಆರ್4 ಕೂಡ ಬಿಡಲಿಲ್ಲ. ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ನಮ್ಮಂಥವರಿಗೆ ಮಾರುತ್ತಿದ್ದ ಕ್ರೂಷಿಯಲ್ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಈಗ ಹೊಸ ಜೋಡಿಗೆ ದುಡ್ಡು ಹಾಕುವುದಕ್ಕಿಂತ ಇರುವ ಕಡ್ಡಿಗೆ ಅದರದೇ ಜೊತೆ ಹುಡುಕುವುದು ಲೇಸು. ಸಿಪಿಯು-ಝಡ್ ತೆರೆದು ಎಸ್‌ಪಿಡಿ ಪುಟಕ್ಕೆ ಹೋದರೆ ನಿಮ್ಮ ಕಡ್ಡಿಯ ಪಾರ್ಟ್ ನಂಬರ್ ಸಿಗುತ್ತದೆ. ಅದನ್ನೇ ಬರೆದುಕೊಂಡು ಬಳಸಿದ ಕಡ್ಡಿ ಮಾರುವವರನ್ನು ಕೇಳಿ. 2400ರದೇ ಆದರೂ ಎರಡು ಕಡ್ಡಿ ಇದ್ದರೆ ಸೆಕೆಂಡಿಗೆ 38.4 ಜಿಬಿ, ಕಾರ್ಡ್ ಮತ್ತು ಪ್ರೊಸೆಸರ್‌ಗೆ ದುಡ್ಡು ಕೂಡುವ ತನಕ ಅದು ಧಾರಾಳ ಸಾಕು.